ಮಗಳಿಗೊಂದು ಪತ್ರ: ನೂರು ಹೋಲ್ ಆಡೋಳಿಗೆ

ಪುಟ್ಟಿ,

ನಿನ್ನ ಮೆಸೇಜ್ ಅಪ್ಪಂಗೆ ಓದಿ ಹೇಳ್ದೆ. ಆಫೀಸಿನವರೆಲ್ಲ ಸೇರಿ ಒಂದೇ ದಿನದಲ್ಲಿ ನೂರು ಹೋಲ್ ಗಾಲ್ಫ್ ಆಡ್ತೀವಿ, ಬಂದ ದುಡ್ಡೆಲ್ಲ ಸೈನಿಕರ ಮನೆಯವರನ್ನ ಓದಿಸೋ ಅಮೆರಿಕದ ಸಂಸ್ಥೆ ಫೋಲ್ಡ್ಸ್ ಆಫ್ ಆನರ್‌ಗೆ ಅಂದ್ಯಲ್ಲ, ಅವರು ಮೊದಲು ಕೇಳಿದ್ದೇ "ಅವಳಿಗೆ ಗಾಲ್ಫ್ ಎಲ್ಲಿ ಬರುತ್ತೆ?" ಅಂತ. ಆಮೇಲೆ ಒಂದು ರೌಂಡಿನ ಹದಿನೆಂಟು ಹೋಲ್‌ಗೇ ನಾಲ್ಕು ಗಂಟೆ ಬೇಕು, ನೂರು ಅಂದ್ರೆ ಐದೂವರೆ ರೌಂಡು, ಬೆಳಕು ಹರಿಯುತ್ಲೂ ಶುರು ಮಾಡಿ ಗಾಡೀಲೇ ಓಡಾಡಿದ್ರೂ ಕತ್ತಲಾಗುತ್ತೆ ಅಂತ ಲೆಕ್ಕ ಹಾಕ್ಕೊಂಡು ಕೂತ್ರು. ಸೈನ್ಯದ ಎಂಇಜಿಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದ್ದಾಗ ಸಾಹೇಬ್ರುಗಳು ಆಡೋದನ್ನ ದೂರದಿಂದ ನೋಡಿದ್ದು ಬಿಟ್ರೆ ಅವರಿಗೂ ಏನೂ ಗೊತ್ತಿಲ್ಲ, ಮಾತು ಮಾತ್ರ ಕೋಚ್ ಥರ.

ಹೋಲ್‌ಗೊಂದು ಡಾಲರ್ ಕೊಡಿ ಅಂತ ಕೇಳೋಕೆ ನಾಚಿಕೆ, ದುಡ್ಡಿರೋರ ಆಟ ಅಂತ ನಗ್ತಾರೆ ಅಂದ್ಯಲ್ಲ. ನಗ್ಲಿ ಬಿಡೆ. ದುಡ್ಡಿರೋರು ಸೇರೋ ಜಾಗದಲ್ಲಲ್ದೆ ಇನ್ನೆಲ್ಲಿ ಕೇಳ್ತಾರೆ? ಆ ಸಂಸ್ಥೆ ಶುರು ಮಾಡಿದ ಡ್ಯಾನ್ ರೂನಿ ಎಫ್-16 ಯುದ್ಧವಿಮಾನದ ಪೈಲಟ್ಟು, ಜೊತೆಗೆ ಗಾಲ್ಫ್ ಪ್ರೊ ಬೇರೆ. 2006ರಲ್ಲಿ ಅವನು ಮಿಷಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್‌ಗೆ ಹೋಗ್ತಿದ್ದ ಫ್ಲೈಟಲ್ಲೇ ಇರಾಕಲ್ಲಿ ತೀರಿಕೊಂಡ ಒಬ್ಬ ಕಾರ್ಪೊರಲ್ ಪಾರ್ಥಿವ ಶರೀರ ಇತ್ತಂತೆ, ಅವನ ಅವಳಿ ತಮ್ಮನೋ ಅಣ್ಣನೋ ಜೊತೇಲಿ ಬಂದಿದ್ದ, ಪೆಟ್ಟಿಗೆ ಇಳಿಸೋವರೆಗೂ ದಯವಿಟ್ಟು ಕೂತಿರಿ ಅಂತ ಆ ಫ್ಲೈಟಿನ ಪೈಲಟ್ ಕೇಳ್ಕೊಂಡ್ರೂ ಸುಮಾರು ಜನ ಬ್ಯಾಗ್ ಎತ್ಕೊಂಡು ಹೊರಟೇಬಿಟ್ರಂತೆ. ಕಿಟಕೀಲಿ ನೋಡಿದ್ರೆ ಕೆಳಗಡೆ ಆ ತೀರಿಕೊಂಡ ಹುಡುಗನ ಮನೆಯವರು, ಅವನ ಪುಟ್ಟ ಮಗ. ಮಾರನೇ ವರ್ಷ ರೂನಿ ಈ ಸಂಸ್ಥೆ ಶುರು ಮಾಡ್ದ. ಗಾಲ್ಫ್ ಕ್ಲಬ್ಬುಗಳಲ್ಲಿ ಆಡೋಕೆ ಕಟ್ಟೋ ಫೀಸಿನ ಜೊತೆ ಇನ್ನೊಂದು ಡಾಲರ್ ಹಾಕಿ ಅಂತ ಕೇಳಿಕೊಂಡೇ ಬೆಳೆದಿದ್ದು ಅದು.

ಆದ್ರೆ ನಂಗೆ ಇಷ್ಟ ಆಗಿದ್ದು ಬೇರೆ. ಸತ್ತ ಇಲ್ಲಾ ಅಂಗವಿಕಲರಾದ ಸೈನಿಕರ ಮಕ್ಕಳಿಗಷ್ಟೇ ಅಲ್ಲ, ಹೆಂಡ್ತಿಗೂ ಓದೋಕೆ ಸ್ಕಾಲರ್‌ಶಿಪ್ ಕೊಡ್ತಾರೆ. ಇದನ್ನ ಯಾರೂ ಯೋಚನೆ ಮಾಡಲ್ಲ ಕಣೆ. ಕ್ವಾರ್ಟರ್ಸಲ್ಲಿ ನಮ್ಮ ಪಕ್ಕದ ಮನೆ ಆಂಟಿ, ನೀನು ಚಿಕ್ಕೋಳು, ಮರ್ತಿರ್ತೀಯ, ಅವರ ಯಜಮಾನರ ಕಾಲು ನೆಲಬಾಂಬಿಗೆ ಸಿಕ್ಕಿ ಹೋಯ್ತು. ಸನ್ಮಾನ ಆಯ್ತು, ಶಾಲು ಹಾರ ಫೋಟೋ ಎಲ್ಲಾ ಆಯ್ತು. ಆಮೇಲೆ ಅವರನ್ನ ಡ್ರೆಸ್ಸಿಂಗ್‌ಗೆ ಕರ್ಕೊಂಡು ಹೋಗೋದು, ಕಚೇರಿ ಕಚೇರಿ ಅಲೆಯೋದು, ಫಾರಂ ತುಂಬೋದು, ರಾತ್ರಿ ಹೊತ್ತು ಬೇರೆಯವರ ಬ್ಲೌಸಿಗೆ ಹುಕ್ ಹಾಕೋದು, ಎಲ್ಲಾ ಆಯಮ್ಮನೇ. ಪಿಯುಸಿ ಪಾಸಾಗಿತ್ತು, ಟೀಚರ್ ಆಗ್ಬೇಕು ಅಂತಿದ್ರು. ಮಗನ ಫೀಸ್‌ಗೆ ಹೇಗೋ ದಾರಿ ಆಯ್ತು, ಅವರು ಓದ್ತೀನಿ ಅಂದಾಗ ಈ ವಯಸ್ಸಲ್ಲಿ ಯಾಕಮ್ಮ ಅಂದ್ರು ಎಲ್ಲಾ. ಅದಕ್ಕೇ ಹೇಳ್ತಿರೋದು, ದುಡ್ಡು ಕೇಳೋವಾಗ "ವೀರ ಯೋಧರಿಗೆ ಸಹಾಯ" ಅಂತ ದೊಡ್ಡದಾಗಿ ಬರೀಬೇಡ, ಒಬ್ಬ ಹೆಂಗಸು ಕಾಲೇಜಿಗೆ ಹೋಗ್ತಾಳೆ ಅಂತ ಬರಿ. 2022ರಿಂದ ಪೊಲೀಸು, ಫೈರ್‌ನವರ ಮನೆಯವರನ್ನೂ ಸೇರಿಸ್ಕೊಂಡಿದಾರಂತೆ, ಅದನ್ನೂ ಬರಿ.

ಗಾಲ್ಫೇ ಯಾಕೆ ಅಂತ ಅಪ್ಪಂದು ಇನ್ನೊಂದು ವಾದ. ಅಲ್ಲಿ ಪಿಜಿಎ ಹೋಪ್ ಅಂತ ಇದೆಯಲ್ಲ, ಮಾಜಿ ಸೈನಿಕರಿಗೆ ಫ್ರೀ ಆಗಿ ಆಟ ಕಲಿಸೋದು, ಅದರ ವಿಡಿಯೋ ತೋರಿಸ್ದೆ. ಇನ್ನೊಂದು ವಿಡಿಯೋಲಿ ಮೂರು ಚಕ್ರದ ಗಾಡಿ, ಕೂತಿರೋನನ್ನ ಸೀಟು ಸಮೇತ ಎತ್ತಿ ನಿಲ್ಲಿಸುತ್ತೆ, ಎದೆಗೊಂದು ಬೆಲ್ಟು, ನಿಂತ್ಕೊಂಡೇ ಹೊಡೀತಾನೆ. ಅಪ್ಪ ಅದನ್ನ ತಿರುಗಾ ಮುರುಗಾ ಹಾಕ್ಸಿಕೊಂಡು ನೋಡಿದ್ರು. ಆಮೇಲೆ ಮುರಳಿಕಾಂತ್ ಪೇಟ್ಕರ್ ಕತೆ ಶುರು, 1965ರ ಯುದ್ಧದಲ್ಲಿ ಗುಂಡು ತಿಂದು, 1972ರಲ್ಲಿ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ನಮ್ಮ ದೇಶಕ್ಕೆ ಮೊದಲ ಚಿನ್ನ ತಂದವರು, ನಿಂಗೂ ನೂರು ಸಲ ಹೇಳಿರ್ತಾರೆ.

ಸರಿ, ನಮ್ಮ ಲೆಕ್ಕದಲ್ಲಿ ನೂರು ಡಾಲರ್ ಹಾಕ್ಬಿಡು, ಊರಿಗೆ ಬಂದಾಗ ಕೊಡ್ತೀನಿ, ಬೇಡ ಅನ್ನಂಗಿಲ್ಲ. ಅಷ್ಟೇ ದುಡ್ಡನ್ನ ಡಿಸೆಂಬರ್ 7ಕ್ಕೆ ಇಲ್ಲಿ ನಮ್ಮ ಸೈನಿಕರ ಧ್ವಜ ದಿನದ ನಿಧಿಗೂ ಕಟ್ತೀವಿ, ಅಪ್ಪಂದು ಅದೊಂದೇ ಕಂಡೀಶನ್ನು. ರಸೀದಿ ಕಳ್ಸು. ಅದರಲ್ಲಿ ಬರೀ ರಿಟೈರ್ಡ್ ಸುಬೇದಾರ್ ಅಂತ ಅವರ ಹೆಸರು ಮಾತ್ರ ಹಾಕ್ಬೇಡ, ನಂದೂ ಹಾಕು. ಗ್ಲೌಸ್ ಎರಡು ಜೊತೆ ತಗೊಂಡು ಹೋಗು, ಕೈ ಬೊಬ್ಬೆ ಬಂದ್ರೆ ಒಡ್ಕೋಬೇಡ, ಮಜ್ಜಿಗೆ ಸಿಕ್ಕದಿದ್ರೆ ಉಪ್ಪು ಸಕ್ಕರೆ ಹಾಕಿ ನೀರಾದ್ರೂ ಕುಡಿ.

ಅಮ್ಮ