ಟಿಫಿನ್‌ಗೆ ಗೋಧಿ ಬನ್ ಕೊಳ್ಳುವ ಪೋಷಕರಿಗೆ

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ಮಳೆ ಬಿಡುತ್ತಿಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟಲು ಪುರುಸೊತ್ತಿಲ್ಲದೆ ಹಲವರು ಮಕ್ಕಳಿಗೆ ಪ್ಯಾಕೆಟ್ ಗೋಧಿ ಬನ್ ಕಳಿಸುತ್ತಿದ್ದೀರಿ. ದಯವಿಟ್ಟು ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಹೆಚ್ಚು ತೂಕದ ಪದಾರ್ಥವೇ ಪಟ್ಟಿಯಲ್ಲಿ ಮೊದಲು ಬರಬೇಕೆಂಬುದು ನಿಯಮ. ಅಲ್ಲಿ ‘ರಿಫೈನ್ಡ್ ವೀಟ್ ಫ್ಲೋರ್’ ಎಂದಿದ್ದರೆ ಅದು ಮೈದಾ, ಮುಂದೆ ಎಷ್ಟೇ ದೊಡ್ಡದಾಗಿ ಗೋಧಿ ತೆನೆ ಅಚ್ಚಾಗಿರಲಿ. ಕಂದು ಬಣ್ಣವನ್ನೂ ನಂಬಬೇಡಿ, ಕ್ಯಾರಮೆಲ್ ಬಣ್ಣ (ಪಟ್ಟಿಯಲ್ಲಿ ಇದರ ಸಂಕೇತ 150ಎ) ಹಾಕಿದರೂ ಹಾಗೇ ಕಾಣುತ್ತದೆ.

ದೊಡ್ಡ ವ್ಯತ್ಯಾಸ ನಾರಿನಲ್ಲಿ. 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರು, ಮೈದಾದಲ್ಲಿ 3 ಗ್ರಾಂ ಆಸುಪಾಸು. ಸೋಡಿಯಂ ಕೂಡ ನೋಡಿ: 400 ಮಿಲಿಗ್ರಾಂ ಎಂದರೆ 1 ಗ್ರಾಂ ಉಪ್ಪು. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಒಳಗಿರಬೇಕು, ಮಕ್ಕಳಿಗೆ ಇನ್ನೂ ಕಡಿಮೆ. ಬರೀ ಜಾಮ್ ಸವರುವ ಬದಲು ಒಂದು ಬೇಯಿಸಿದ ಮೊಟ್ಟೆಯೋ ಕಡಲೆಕಾಳು ಪಲ್ಯವೋ ಜೊತೆಗಿಡಿ, ಪ್ರೋಟೀನ್ ಸಿಗುತ್ತದೆ.

ಈ ತೇವಕ್ಕೆ ಬನ್ ಬೇಗ ಬೂಷ್ಟು ಹಿಡಿಯುತ್ತದೆ. ಹಸಿರು ಚುಕ್ಕೆ ಕಂಡರೆ ಅಷ್ಟನ್ನೇ ಚಿವುಟಿ ತೆಗೆದು ಕೊಡಬೇಡಿ, ಇಡೀ ಬನ್ ಎಸೆಯಿರಿ.

ನೀವು ಕೊಳ್ಳುವ ಪ್ಯಾಕೆಟ್‌ನ ಹಿಂಬದಿ ಫೋಟೋ ಇಲ್ಲಿ ಹಾಕಿ, ಸೇರಿ ಓದೋಣ.