ಬ್ಯಾಟರಿ ಪಕ್ಕ ಫ್ಯೂಸ್ ಎಲ್ಲಿ ಅಂತ ಕೇಳಿ

ಮಾನ್ಯ ಸಂಪಾದಕರೇ,

ಕಾರಿಗೆ ಬೆಂಕಿ ಬಿತ್ತು ಅನ್ನೋ ಸುದ್ದಿ ಬಂದಾಗೆಲ್ಲ ಕೊನೇ ಸಾಲು ಸಾಮಾನ್ಯವಾಗಿ ಒಂದೇ, 'ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ'. ಅಲ್ಲಿಗೆ ಮುಗೀತು. ಯಾವ ವೈರು, ಕಂಪನಿಯದ್ದಾ ಆಮೇಲೆ ಹಾಕ್ಸಿದ್ದಾ ಅಂತ ಯಾರೂ ಕೇಳಲ್ಲ. ಎಲ್ಲ ಬೆಂಕಿಗೂ ಇದೇ ಕಾರಣ ಅಂತಿಲ್ಲ, ಆದ್ರೆ ಆಟೋ ಎಲೆಕ್ಟ್ರಿಷಿಯನ್ ಆಗಿ ನನಗೆ ನಿಜವಾಗ್ಲೂ ಭಯ ಆಗೋದು ಒಂದು ಕೆಲಸ ನೋಡಿದಾಗ, ಸಬ್ ವೂಫರ್ (ದಪ್ಪ ಬಾಸ್ ಸೌಂಡಿನ ದೊಡ್ಡ ಸ್ಪೀಕರ್) ಹಾಕ್ಸೋರಿಗೆ ಬ್ಯಾಟರಿಯಿಂದ ಡಿಕ್ಕಿಯಲ್ಲಿರೋ, ಅದಕ್ಕೆ ಪವರ್ ಕೊಡೋ ಆಂಪ್ಲಿಫೈಯರ್ ತನಕ ಎಳೀತಾರಲ್ಲ ಆ ಪವರ್ ಕೇಬಲ್.

ಇಂಜಿನ್ನಿಗೂ ನಾವು ಕೂರೋ ಜಾಗಕ್ಕೂ ಮಧ್ಯ ಇರೋ ತಗಡಿಗೆ ಫೈರ್‌ವಾಲ್ ಅಂತಾರೆ, ಕೇಬಲ್ ಅದನ್ನ ದಾಟಿನೇ ಒಳಗೆ ಬರಬೇಕು. ಕೆಲವರು ಡ್ರಿಲ್ ಹಿಡ್ದು ತೂತು ಹೊಡ್ದು ಹಂಗೇ ತೂರಿಸಿಬಿಡ್ತಾರೆ. ತೂತಿನ ಅಂಚು ಬ್ಲೇಡ್ ಥರ ಇರತ್ತೆ, ಗಾಡಿ ಓಡಿದಷ್ಟು ದಿನ ಅದುರಿ ಅದುರಿ ಕೇಬಲ್ಲಿನ ಪ್ಲಾಸ್ಟಿಕ್ಕು ಸವೆದು ಒಳಗಿನ ತಾಮ್ರ ತಗಡಿಗೆ ತಾಗತ್ತೆ, ಕಾರಿನ ಬಾಡಿ ಪೂರ್ತಿ ನೆಗೆಟಿವ್ ಆಗಿರೋದ್ರಿಂದ ಅದು ಡೈರೆಕ್ಟ್ ಶಾರ್ಟು. ಬರೀ 12 ವೋಲ್ಟ್ ತಾನೇ ಅಂತಾರೆ, ಆದ್ರೆ ಇಂಜಿನ್ ಸ್ಟಾರ್ಟ್ ಮಾಡೋಕೆ ನೂರಾರು ಆಂಪಿಯರ್ ಕೊಡೋ ಬ್ಯಾಟರಿ ಅದು, ಕೇಬಲ್ ಕೆಂಪಗೆ ಕಾದು ಸುತ್ತ ಇರೋ ವೈರಿಂಗು, ಕಾರ್ಪೆಟ್ಟು ಹತ್ತಿಕೊಳ್ಳೋಕೆ ಹೆಚ್ಚು ಹೊತ್ತು ಬೇಕಿಲ್ಲ. ಗಾಡಿ ಆಫ್ ಮಾಡಿ ನಿಲ್ಸಿದ್ರೂ ಆಗಬಹುದು, ಯಾಕಂದ್ರೆ ಆ ಕೇಬಲ್ಲಿಗೂ ಕೀಗೂ ಸಂಬಂಧನೇ ಇರಲ್ಲ.

ಕರೆಂಟು ಮಿತಿ ಮೀರಿದ್ರೆ ತಾನೇ ಕರಗಿ ಲೈನ್ ಕಟ್ ಮಾಡೋ ಫ್ಯೂಸ್ ಎಲ್ಲಿ ಅಂತ ಕೇಳಿದ್ರೆ 'ಆಂಪ್‌ನಲ್ಲೇ ಇದೆ ಸಾರ್' ಅಂತಾರೆ, ಅಂದ್ರೆ ಆಂಪ್ಲಿಫೈಯರ್‌ನಲ್ಲಿ. ಅದು ಆಂಪನ್ನ ಕಾಯತ್ತೆ ಅಷ್ಟೇ, ಫೈರ್‌ವಾಲಲ್ಲಿ ಶಾರ್ಟ್ ಆದ ಕರೆಂಟು ಡಿಕ್ಕಿ ತನಕ ಹೋಗೋದೇ ಇಲ್ಲವಲ್ಲ! ಫ್ಯೂಸ್ ಇರಬೇಕಾದ್ದು ಬ್ಯಾಟರಿ ಪಾಸಿಟಿವ್‌ನಿಂದ ಹೆಚ್ಚಂದ್ರೆ ಒಂದೂವರೆ ಅಡಿ ಒಳಗೆ, ಅದೂ ಕೇಬಲ್ ತಡಿಯೋ ಆಂಪಿಯರಿಗೆ ತಕ್ಕ ಹಾಗೆ. ಇನ್ನು ಕೇಬಲ್ಲು, ಅಗ್ಗಕ್ಕೆ ಸಿಗೋದ್ರಲ್ಲಿ ಸುಮಾರು ತಾಮ್ರದ ಲೇಪ ಇರೋ ಅಲ್ಯೂಮಿನಿಯಂ, ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದ್ರೆ ಕಮ್ಮಿ ಕರೆಂಟೇ ಹೊರತ್ತೆ. ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ರೆ ತಾಮ್ರ ಅಲ್ಲ.

ಸರಿಯಾಗಿ ಮಾಡೋದೇನು ಕಷ್ಟ ಅಲ್ಲ. ಸುಮಾರು ಕಾರಲ್ಲಿ ಕಂಪನಿ ವೈರಿಂಗ್ ಒಳಗೆ ಬರೋ ಕಡೆ ದೊಡ್ಡ ರಬ್ಬರ್ ಗ್ರಾಮೆಟ್ (ತೂತಿನ ಅಂಚು ವೈರಿಗೆ ತಾಗದ ಹಾಗೆ ಕೂರಿಸೋ ರಬ್ಬರ್ ಬಳೆ) ಇರತ್ತೆ, ಒಳಗಿನ ವೈರಿಗೆ ತಾಗದ ಹಾಗೆ ಅದರ ಖಾಲಿ ಜಾಗದಲ್ಲಿ ಸಣ್ಣ ತೂತು ಮಾಡಿ, ಗಟ್ಟಿ ತಂತಿಗೆ ಕೇಬಲ್ ತುದಿ ಟೇಪ್ ಸುತ್ತಿ, ಸೋಪಿನ ನೀರು ಹಚ್ಚಿ ನಿಧಾನಕ್ಕೆ ಎಳೆದ್ರೆ ಬರತ್ತೆ. ಹೊಸ ತೂತು ಬೇಕೇ ಬೇಕು ಅಂದ್ರೆ ಎರಡೂ ಕಡೆ ಕಣ್ಣಲ್ಲಿ ನೋಡಿ, ಹಿಂದೆ ವೈರುಗಳ ಕಟ್ಟೋ (ಹಾರ್ನೆಸ್) ಎಸಿ ಪೈಪೋ ಇರಬಹುದು. ಅಂಚು ಫೈಲ್ ಹಾಕಿ, ತುಕ್ಕು ಹಿಡೀದ ಹಾಗೆ ಪೇಂಟ್ ಹಚ್ಚಿ, ಅಳತೆಗೆ ಸರಿಯಾದ ಗ್ರಾಮೆಟ್ ಕೂರಿಸಬೇಕು, ಇಲ್ಲಾಂದ್ರೆ ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಒಳಗಿಳಿಯತ್ತೆ.

ಕಾರ್ ಆಕ್ಸೆಸರಿ ಅಂಗಡಿಗಳಿರೋ ಬೆಂಗಳೂರಿನ ಜೆ.ಸಿ. ರೋಡಲ್ಲೂ ನಮ್ಮ ಊರುಗಳಲ್ಲೂ ಇದನ್ನ ಅಚ್ಚುಕಟ್ಟಾಗಿ ಮಾಡೋ ಹುಡುಗರು ಇದ್ದಾರೆ, ಆದ್ರೆ ಗಿರಾಕಿ ವಾಟ್ಸ್ ಎಷ್ಟು, ರೇಟ್ ಎಷ್ಟು ಅಂತ ಮಾತ್ರ ಕೇಳಿದ್ರೆ ಅವರೂ ಎಷ್ಟು ಅಂತ ಮಾಡ್ತಾರೆ? ಗ್ರಾಮೆಟ್ಟಿಗೂ ಫ್ಯೂಸ್ ಹೋಲ್ಡರಿಗೂ ಆಗೋ ಖರ್ಚು ಸ್ಪೀಕರ್ ರೇಟಿನ ಮುಂದೆ ಏನೂ ಅಲ್ಲ. ನಿಮ್ಮ ವರದಿಗಾರರು ಅಗ್ನಿಶಾಮಕ ದಳದವರ ಹತ್ರ ಆಮೇಲೆ ಹಾಕ್ಸಿದ ವೈರಿಂಗ್ ಇತ್ತಾ ಅಂತ ಒಂದು ಪ್ರಶ್ನೆ ಜಾಸ್ತಿ ಕೇಳಲಿ ಅಂತ ವಿನಂತಿ.

ಈಗಾಗಲೇ ಹಾಕ್ಸಿರೋರು ಬಾನೆಟ್ ಎತ್ತಿ ಆ ಕೇಬಲ್ ಹಿಡ್ಕೊಂಡು ಹೋಗಿ ನೋಡಿ, ಫ್ಯೂಸ್ ಇಲ್ಲ ಅಥವಾ ರಬ್ಬರ್ ಇಲ್ಲ ಅಂದ್ರೆ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಆಮೇಲೆ ಆ ಕೇಬಲ್ಲನ್ನ ಪಾಸಿಟಿವ್‌ನಿಂದ ತೆಗೆಸಿ, ಸರಿ ಮಾಡ್ಸೋ ತನಕ ಅದಕ್ಕೆ ಮತ್ತೆ ಕನೆಕ್ಷನ್ ಕೊಡಬೇಡಿ.

— ಒಬ್ಬ ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ