ಮುಂಗಾರಿಗೆ ಮೊದಲು ಗಜನಿ ಕಟ್ಟೆ ಮುಚ್ಚಲು ನೆರವಾಗಿ: ಮಿರ್ಜಾನ್ ಸೀಮೆಯಿಂದ ಮನವಿ

ಆತ್ಮೀಯ ದಾನಿಗಳೇ,

ಟ್ರಸ್ಟಿನ ಕೆಲಸ ನಿಮಗೆ ಹೊಸತಲ್ಲ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇವೆ. ಕಳೆದ ಅಮಾವಾಸ್ಯೆಯ ಭರತಕ್ಕೆ (ಸಮುದ್ರದ ಉಬ್ಬರಕ್ಕೆ) ಅಘನಾಶಿನಿ ನದಿ ದಂಡೆಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ ಕಟ್ಟೆ ನಲವತ್ತು ಅಡಿಯಷ್ಟು ಕಿತ್ತುಹೋಗಿದೆ. ಮಳೆ ಹಿಡಿಯುವುದರೊಳಗೆ ಮುಚ್ಚದಿದ್ದರೆ ಈ ವರ್ಷ ಗಜನಿಯ ಭತ್ತವಾದ ಕಗ್ಗ ಬಿತ್ತುವಂತಿಲ್ಲ.

ಮಿರ್ಜಾನ್ ಕೋಟೆಗೆ ಬಂದವರು ಬುರುಜು ಹತ್ತಿ ಫೋಟೊ ತೆಗೆದು ಹೊರಡುತ್ತಾರೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಬೆಸೆದುಕೊಂಡ ಕೋಟೆ ಇದು. 1552ರಿಂದ 1606ರವರೆಗೆ ಆಳಿದ ಆಕೆಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಮೆಣಸು, ಅಡಿಕೆ ಇಲ್ಲಿ ದೋಣಿ ಏರಿ ಸೂರತ್ತಿನತ್ತ ಸಾಗುತ್ತಿದ್ದವು. ಅತ್ತ ಬಿಜಾಪುರ, ಇತ್ತ ಗೋವೆಯ ಪೋರ್ಚುಗೀಸರು, ಆಮೇಲೆ ಕೆಳದಿಯ ನಾಯಕರು. ಗಡಿಯ ಈ ವ್ಯಾಪಾರದ ನೆಲೆಯ ಮೇಲೆ ಎಲ್ಲರಿಗೂ ಕಣ್ಣು. 2000-01ರ ಉತ್ಖನನದಲ್ಲಿ ಚೀನಾ ಪಿಂಗಾಣಿಯ ಚೂರುಗಳು, ಫಿರಂಗಿ ಗುಂಡುಗಳು, ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕವು. ಶಾಲೆ ಮಕ್ಕಳಿಗೆ ಇದನ್ನೆಲ್ಲ ತೋರಿಸಿ, ಹಾಗೇ ಗಜನಿಗೂ ಇಳಿಸಿ ಕರೆತರುವ ಏರ್ಪಾಡು ನಮ್ಮ ಟ್ರಸ್ಟಿನದೇ ಎಂಬ ಹೆಮ್ಮೆ ನಮಗಿದೆ.

ಕೋಟೆಯನ್ನು ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಗಜನಿಯನ್ನು ಬೇಸಾಯಗಾರರೇ ಕಾಯಬೇಕು. ಮೆಣಸಿನ ದೋಣಿ ಒಳಗೆ ತಂದ ಭರತವೇ ಗದ್ದೆಗೆ ಉಪ್ಪುನೀರು ನುಗ್ಗಿಸುತ್ತದೆ. ಭರತ ಏರುವಾಗ ತೂಬಿನ ಹಲಗೆ ಇಳಿಸಿ, ಇಳಿತದಲ್ಲಿ ಎತ್ತಿ, ಮಳೆನೀರಿನ ಜೊತೆ ಮಣ್ಣಿನ ಉಪ್ಪನ್ನೂ ಹೊರಗೆ ಬಿಡಬೇಕು. ಆಮೇಲೆ ಮೊಳಕೆ ಬರಿಸಿದ ಕಗ್ಗ ಎರಚುವುದು. ಉಪ್ಪಿಗೂ ಜಗ್ಗದ, ಕೆಲ ದಿನ ಮುಳುಗಿದರೂ ಕೊಳೆಯದ ಭತ್ತ ಇದು. ಕೊಯ್ಲಿನಲ್ಲಿ ತೆನೆಯಷ್ಟೇ ಕತ್ತರಿಸುತ್ತಾರೆ. ನೀರಿನಲ್ಲಿ ಉಳಿದ ಹುಲ್ಲು ಸಿಗಡಿ, ಮೀನಿಗೆ ಆಗುತ್ತದೆ.

ಕಟ್ಟೆ ಒಡೆಯಲು ದೊಡ್ಡ ಕಾರಣ ಬೇಕಿಲ್ಲ. ಏಡಿ ಕೊರೆದ ತೂತಿನಲ್ಲಿ ನೀರು ಜಿನುಗಿ ಒಳಗಿನ ಜೇಡಿಮಣ್ಣು ಸಡಿಲಾಗುತ್ತದೆ, ಹೊರಗಿನ ಕಲ್ಲು ಕುಸಿಯುತ್ತದೆ. ಒಳಬಂದ ನೀರು ಇಳಿತದಲ್ಲಿ ಅದೇ ಬಾಯಿಂದ ಹೊರಡುವುದರಿಂದ ಬಾಯಿ ದಿನಕ್ಕೆರಡು ಸಲ ಅಗಲವಾಗುತ್ತದೆ. ಇಂದು ನಲವತ್ತು ಅಡಿ ಇದ್ದದ್ದು ಹುಣ್ಣಿಮೆಗೆ ಎಷ್ಟಾಗುತ್ತದೋ! ನೀರು ತೀರ ಇಳಿದ ಹೊತ್ತಿನಲ್ಲೇ ಗೂಟ ಬಡಿದು, ಮಣ್ಣು ತುಂಬಿದ ಚೀಲ ಜೋಡಿಸಿ, ನಡುವೆ ಜೇಡಿಮಣ್ಣು ತುಳಿದು, ಕೊನೆಗೆ ಚಿರೆಕಲ್ಲು ಕಟ್ಟಬೇಕು.

ಒಂದು ಹಂಗಾಮು ಬಿತ್ತನೆ ತಪ್ಪಿದರೆ ಬೀಜವೂ ಹೋಗುತ್ತದೆ. ಹಳೆಯ ಕಗ್ಗ ಸರಿಯಾಗಿ ಮೊಳೆಯುವುದಿಲ್ಲ. ಹಿಂದೆ ಬೀಜ ಹಂಚಿ, ತೂಬಿನ ಹಲಗೆ ಬದಲಿಸಿದಾಗ ಕೈಹಿಡಿದವರು ನೀವೇ. ಸಣ್ಣ ಹಿಡುವಳಿಯ ಮನೆಗಳಿಗೆ ವರ್ಷದ ಅಕ್ಕಿ ಇದೊಂದೇ.

ಕಲ್ಲು, ಸಾಗಣೆ, ಕೂಲಿ ಸೇರಿ ಆರೇಳು ಲಕ್ಷ ಬೇಕಾದೀತು. ಕಲ್ಲು, ಚೀಲ, ಟ್ರ್ಯಾಕ್ಟರ್ ಕೊಟ್ಟರೂ ಸ್ವೀಕರಿಸುತ್ತೇವೆ. ಎಲ್ಲದಕ್ಕೂ ರಸೀದಿ ಇದೆ. ದಯವಿಟ್ಟು ಮೇ ಮುಗಿಯುವುದರೊಳಗೆ ಕಳಿಸಿ.

ಇಂತಿ,
ಟ್ರಸ್ಟಿಗಳು